ಲಗಜುವೊಯಿ: ಕೇಬಲ್ ಕಾರಿನಲ್ಲಿ ಹತ್ತಿ, ಸುರಂಗದಲ್ಲಿ ಇಳಿಯಿರಿ

ಇಟಲಿಯ ಡೊಲೊಮೈಟ್ಸ್ ಪರ್ವತಗಳ ಕಡೆಗೆ ಹೊರಟವರು ಪಿಕ್ಕೊಲೊ ಲಗಜುವೊಯಿ ಶಿಖರಕ್ಕೆ ಒಂದು ದಿನ ಮೀಸಲಿಡಿ. ಎತ್ತರ 2,778 ಮೀಟರ್. ಹೆದರಬೇಡಿ, ಫಲ್ಜಾರೆಗೊ ಘಟ್ಟದಿಂದ ಕೇಬಲ್ ಕಾರ್ ಇದೆ; ಮೇಲಿನ ನಿಲ್ದಾಣದಿಂದ ತುದಿಯ ಶಿಲುಬೆಯವರೆಗೆ ಸುಲಭದ ದಾರಿ. (ಬಸ್ ಇಳಿಯುವ ಆ ಘಟ್ಟವೇ 2,105 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ!)

ನನ್ನ ಸಲಹೆ: ಇಳಿಯುವಾಗ ಕೇಬಲ್ ಕಾರ್ ಬಿಟ್ಟು ಸುರಂಗದಲ್ಲಿ ಬನ್ನಿ. ಮೊದಲ ಮಹಾಯುದ್ಧದಲ್ಲಿ ಶಿಖರ ಆಸ್ಟ್ರಿಯಾ-ಹಂಗೇರಿಯವರ ಕೈಯಲ್ಲಿತ್ತು. ಇಟಲಿಯವರು ಕೆಳಗಿನ ಬಂಡೆಯ ಅಂಚಿಗೆ ಅಂಟಿಕೊಂಡಿದ್ದರು. ಅಲ್ಲಿಂದ ಬೆಟ್ಟದ ಹೊಟ್ಟೆಯೊಳಗೇ ಮೇಲಕ್ಕೆ ಕೊರೆದು, 1917ರ ಜೂನ್ 20ರಂದು ಮದ್ದು ಸಿಡಿಸಿದರು. ಒಂದು ಕಿಲೋಮೀಟರಿಗೂ ಉದ್ದದ ಆ ಸುರಂಗ ಇಂದು ನಡೆಯುವವರಿಗೆ ತೆರೆದಿದೆ.

ಒಳಗೆ ಕಗ್ಗತ್ತಲು. ಮೆಟ್ಟಿಲುಗಳು ಕಡಿದಾಗಿವೆ, ಒದ್ದೆಯಾಗಿವೆ. ಪಕ್ಕದ ಉಕ್ಕಿನ ಹಗ್ಗ ಹಿಡಿದೇ ಇಳಿಯಬೇಕು. ಹಾಗಾಗಿ ಮೊಬೈಲ್ ಟಾರ್ಚ್ ನಂಬಬೇಡಿ, ಎರಡೂ ಕೈ ಖಾಲಿ ಇರಲಿ. ತಲೆಗೆ ಕಟ್ಟುವ ದೀಪ, ಹೆಲ್ಮೆಟ್, ಕೈಗವಸು, ಹಿಡಿತವಿರುವ ಬೂಟು ಬೇಕು. ಚಾವಣಿ ಅಲ್ಲಲ್ಲಿ ತಗ್ಗು. ಹೆಲ್ಮೆಟ್ ಎರಡು ಬಾರಿ ಟಣ್ ಎಂದ ಮೇಲೆಯೇ ನಾನು ಬಗ್ಗಿ ನಡೆಯಲು ಕಲಿತದ್ದು. ನಡುನಡುವೆ ಬಂಡೆಯಲ್ಲಿ ಕೊರೆದ ಕಿಂಡಿಗಳಿವೆ. ಕತ್ತಲಿನಿಂದ ಇಣುಕಿದರೆ ಘಟ್ಟದ ರಸ್ತೆ ದಾರದ ಎಳೆಯಂತೆ ಕಾಣುತ್ತದೆ. ಆ ಕಿಂಡಿಯ ಬಳಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ.

ಮಂಡಿನೋವಿನವರು, ಕತ್ತಲಿಗೆ ಅಂಜುವವರು ಕೇಬಲ್ ಕಾರಿನಲ್ಲೇ ಇಳಿಯಲಿ. ಮೇಲಿನ ಯುದ್ಧಕಾಲದ ಕಂದಕಗಳನ್ನಾದರೂ ನೋಡಬಹುದು. ಹಿಮ ಉಳಿದಿದ್ದರೆ ಸುರಂಗದ ಆಸೆ ಬೇಡ. ಬೇಸಿಗೆಯಲ್ಲೂ ಒಂದು ಸ್ವೆಟರ್ ಚೀಲದಲ್ಲಿರಲಿ.