ನಗರದ ನೀರಿನ ಮೀಟರ್‌ಗಳನ್ನು ಸ್ವಯಂಚಾಲಿತಗೊಳಿಸಲು ನಾವು ಹಣ ಹೊಂದಿಸಿದ ಬಗೆ

ನೀರು ಸರಬರಾಜು ವಿಭಾಗದ ಹಣಕಾಸಿನ ಹೊಣೆ ನನ್ನ ಮೇಲಿದ್ದ ವರ್ಷಗಳಲ್ಲಿ, ಮನೆಮನೆಗೆ ಹೋಗಿ ಮೀಟರ್ ಓದುವ ಪದ್ಧತಿಯನ್ನು ಕೈಬಿಟ್ಟು, ರೇಡಿಯೊ ಮೂಲಕ ತಾನಾಗಿಯೇ ರೀಡಿಂಗ್ ಕಳುಹಿಸುವ ಮೀಟರ್‌ಗಳನ್ನು ನಗರದಾದ್ಯಂತ ಅಳವಡಿಸುವ ಕೆಲಸ ನಡೆಯಿತು. ಯಾವ ತಂತ್ರಜ್ಞಾನ ಸೂಕ್ತ ಎಂಬ ಪ್ರಶ್ನೆಗೆ ಎಂಜಿನಿಯರುಗಳು ಉತ್ತರ ಹುಡುಕುತ್ತಿದ್ದರು. ಅದರ ಹಣ ಎಲ್ಲಿಂದ ಬರಬೇಕು, ಎಷ್ಟು ವರ್ಷಗಳಲ್ಲಿ ಸಾಲ ತೀರಬೇಕು, ಸಾಲ ತೀರುವ ಮೊದಲೇ ಉಪಕರಣ ಕೆಟ್ಟರೆ ಯಾರು ಭರಿಸಬೇಕು ಎಂಬ ಪ್ರಶ್ನೆಗಳು ನನ್ನ ಮೇಜಿಗೆ ಬಂದವು. ಇದೇ ಹಾದಿಯಲ್ಲಿರುವ ಇತರ ನಗರಗಳ ಲೆಕ್ಕಾಧಿಕಾರಿಗಳಿಗೆ ನೆರವಾಗಲಿ ಎಂದು, ನಾವು ಮಾಡಿದ್ದನ್ನು ಹಾಗೂ ಮಾಡಿ ತಿದ್ದಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಕರಡಿನಲ್ಲಿ ಉಳಿತಾಯದ ಅತಿ ದೊಡ್ಡ ಬಾಬ್ತಾಗಿ ನಾನು ತೋರಿಸಿದ್ದು ಮೀಟರ್ ಓದುವ ನೌಕರರ ಸಂಬಳವನ್ನು. ಆ ಲೆಕ್ಕ ತಪ್ಪಾಗಿತ್ತು. ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಎಂದು ಆಡಳಿತ ಮಾತು ಕೊಟ್ಟಿತ್ತು, ಅದು ಸರಿಯಾದ ಮಾತೂ ಆಗಿತ್ತು. ಹಾಗಿರುವಾಗ ನಿವೃತ್ತಿಯಿಂದ ತೆರವಾಗುವ ಹುದ್ದೆಗಳಷ್ಟೇ ಉಳಿತಾಯವಾಗಬಲ್ಲವು, ಅದೂ ನಿಧಾನವಾಗಿ. ಅರ್ಧ ಊರಿನಲ್ಲಿ ಹೊಸ ಮೀಟರ್, ಇನ್ನರ್ಧ ಊರಿನಲ್ಲಿ ಹಳೆಯ ಮೀಟರ್ ಇರುವ ಅವಧಿಯಲ್ಲಿ ಎರಡೂ ವ್ಯವಸ್ಥೆಗಳನ್ನು ಒಟ್ಟಿಗೆ ನಡೆಸಬೇಕಾಗುವುದರಿಂದ ಖರ್ಚು ಇಳಿಯುವ ಮೊದಲು ಏರುತ್ತದೆ. ಜೊತೆಗೆ ಸಾಫ್ಟ್‌ವೇರ್ ಚಂದಾ, ಮೀಟರ್‌ಗಳ ರೇಡಿಯೊ ಸಂದೇಶಗಳನ್ನು ಹಿಡಿದು ಮುಂದೆ ಕಳುಹಿಸುವ ಗೇಟ್‌ವೇಗಳ ವಿದ್ಯುತ್ತು ಮತ್ತು ಬಾಡಿಗೆ, ಸಂಪರ್ಕ ಶುಲ್ಕ, ಬಂದ ದತ್ತಾಂಶವನ್ನು ದಿನವೂ ಪರಿಶೀಲಿಸುವ ಸಿಬ್ಬಂದಿ ಎಂಬ ಹೊಸ ಖರ್ಚುಗಳು ಸೇರುತ್ತವೆ. ಎಲ್ಲವನ್ನೂ ಕೂಡಿಸಿ ಕಳೆದ ಮೇಲೆ ಸಂಬಳದ ಉಳಿತಾಯವೆಂಬುದು ಸಾಲದ ಕಂತಿಗೆ ಆಧಾರವಾಗುವಷ್ಟು ಉಳಿಯಲಿಲ್ಲ. ಆ ನೌಕರರಲ್ಲಿ ಹಲವರನ್ನು ಸೋರಿಕೆ ಪತ್ತೆ ಮತ್ತು ಮೀಟರ್ ತಪಾಸಣೆಯ ತಂಡಗಳಿಗೆ ತರಬೇತಿ ಕೊಟ್ಟು ಕಳುಹಿಸಿದೆವು. ಯಾವ ಬೀದಿಯಲ್ಲಿ ಯಾವ ಮೀಟರ್ ಮಣ್ಣಿನಲ್ಲಿ ಹುದುಗಿದೆ, ಯಾವ ಮನೆಯಲ್ಲಿ ಮೀಟರ್ ತಪ್ಪಿಸಿ ಪೈಪು ಎಳೆದಿದ್ದಾರೆ ಎಂಬುದು ಅವರಿಗೆ ತಿಳಿದಿತ್ತು. ಆ ತಿಳಿವಳಿಕೆಯ ಬೆಲೆ ನನ್ನ ಮೊದಲ ಕರಡಿನಲ್ಲಿ ಎಲ್ಲಿಯೂ ಇರಲಿಲ್ಲ.

ಹಾಗಾದರೆ ಸಾಲ ತೀರಿಸುವ ಹಣ ಎಲ್ಲಿಂದ ಬರುತ್ತದೆ? ಇದಕ್ಕೆ ಉತ್ತರ ಕೊಟ್ಟಿದ್ದು ಇಂಟರ್‌ನ್ಯಾಷನಲ್ ವಾಟರ್ ಅಸೋಸಿಯೇಷನ್ 2000ನೇ ಇಸವಿಯಲ್ಲಿ ಪ್ರಕಟಿಸಿದ ಜಲ ಲೆಕ್ಕಪತ್ರದ ಮಾದರಿ. ಅದರ ಪ್ರಕಾರ ಆದಾಯ ತರದ ನೀರಿನಲ್ಲಿ ನಷ್ಟಗಳು ಎರಡು ಬಗೆ. ಪೈಪು ಒಡೆದು, ಕೀಲು ಸಡಿಲಗೊಂಡು, ಟ್ಯಾಂಕು ತುಂಬಿ ಹರಿದು ನೆಲದ ಪಾಲಾಗುವುದು ನಿಜವಾದ ನಷ್ಟ. ಗ್ರಾಹಕರನ್ನು ತಲುಪಿಯೂ ಮೀಟರ್‌ನ ದೋಷದಿಂದ, ಲೆಕ್ಕದ ತಪ್ಪಿನಿಂದ ಅಥವಾ ಅಕ್ರಮ ಸಂಪರ್ಕದಿಂದ ಬಿಲ್ಲಿಗೆ ಬಾರದೆ ಉಳಿಯುವುದು ತೋರಿಕೆಯ ನಷ್ಟ. ಇವೆರಡಕ್ಕೂ ಒಂದೇ ಬೆಲೆ ಕಟ್ಟಿದರೆ ಇಡೀ ಯೋಜನೆಯ ಲೆಕ್ಕ ಕೆಡುತ್ತದೆ. ನೆಲದ ಪಾಲಾಗುತ್ತಿದ್ದ ನೀರನ್ನು ತಡೆದರೆ ಉಳಿಯುವುದು ಅದನ್ನು ಶುದ್ಧೀಕರಿಸಿ ಪಂಪು ಮಾಡುವ ಖರ್ಚು ಮಾತ್ರ. ಬಿಲ್ಲಿಗೆ ಬಾರದಿದ್ದ ನೀರು ಬಿಲ್ಲಿಗೆ ಬಂದರೆ ದೊರೆಯುವುದು ಪೂರ್ತಿ ಮಾರಾಟದ ದರ. ಒಂದು ಕಿಲೋಲೀಟರ್ ನೀರಿನ ಉತ್ಪಾದನೆಗೆ ತಗಲುವ ಹೆಚ್ಚುವರಿ ಖರ್ಚು 1, ಮಾರಾಟದ ದರ 4 ಎಂದಿಟ್ಟುಕೊಂಡರೆ, 100 ಕಿಲೋಲೀಟರ್ ಸೋರಿಕೆ ತಡೆದದ್ದಕ್ಕೆ 100 ಉಳಿಯುತ್ತದೆ, 100 ಕಿಲೋಲೀಟರ್ ಅಳತೆ ಸರಿಪಡಿಸಿದ್ದಕ್ಕೆ 400 ಬರುತ್ತದೆ. ನಮ್ಮ ಮುಂದೆ ಬಂದ ಒಂದು ಪ್ರಸ್ತಾವದಲ್ಲಿ ಎರಡನ್ನೂ ಮಾರಾಟದ ದರದಲ್ಲೇ ಲೆಕ್ಕ ಹಾಕಲಾಗಿತ್ತು. ಅದನ್ನು ಬೇರ್ಪಡಿಸಿ ಬರೆದಾಗ ಮರುಪಾವತಿಯ ಅವಧಿ ಗಣನೀಯವಾಗಿ ಹಿಗ್ಗಿತು.

ಇನ್ನೊಂದು ಭೇದವನ್ನು ಹಣಕಾಸಿನವರು ಸುಲಭವಾಗಿ ಮರೆಯುತ್ತೇವೆ. ಅಳತೆ ಸರಿಹೋಗುವುದು ಹೊಸ ಮೀಟರ್‌ನಿಂದ, ರೇಡಿಯೊದಿಂದಲ್ಲ. ಸವೆದ ಹಳೆಯ ಮೀಟರ್‌ಗೆ ರೇಡಿಯೊ ಜೋಡಿಸಿದರೆ ತಪ್ಪು ಅಂಕಿ ಬೇಗ ಬಂದು ತಲುಪುತ್ತದೆ, ಅಷ್ಟೇ. ಆದ್ದರಿಂದ ನಾನು ಲೆಕ್ಕವನ್ನು ಎರಡಾಗಿ ಒಡೆದೆ: ಬರಿಯ ಹೊಸ ಮೀಟರ್ ಹಾಕಿದರೆ ಎಷ್ಟು ಬರುತ್ತದೆ, ಅದರ ಮೇಲೆ ರೇಡಿಯೊ ಮತ್ತು ಜಾಲ ಸೇರಿಸಿದರೆ ಇನ್ನೆಷ್ಟು ಹೆಚ್ಚಾಗುತ್ತದೆ. ಎರಡನೆಯದು ತನ್ನ ಖರ್ಚನ್ನು ತಾನೇ ಹೊರಬೇಕು ಎಂಬ ಪಟ್ಟು ಹಿಡಿದೆ. ವಾಹನದಲ್ಲಿ ಬೀದಿ ಸುತ್ತಿ ರೀಡಿಂಗ್ ಸಂಗ್ರಹಿಸುವ ಅಗ್ಗದ ಕ್ರಮ ಸಾಕೇ, ಗಂಟೆಗೊಮ್ಮೆ ರೀಡಿಂಗ್ ಕೊಡುವ ಸ್ಥಿರ ಜಾಲವೇ ಬೇಕೇ ಎಂಬ ಪ್ರಶ್ನೆ ಇತ್ಯರ್ಥವಾದದ್ದೂ ಇಲ್ಲಿಯೇ. ಒಂದು ವಲಯಕ್ಕೆ ಒಳಹೋದ ನೀರನ್ನು ಅದೇ ಗಂಟೆಯ ಎಲ್ಲ ಮನೆಗಳ ಬಳಕೆಯೊಂದಿಗೆ ಹೋಲಿಸಿ ಸೋರಿಕೆಯನ್ನು ಗುರುತಿಸುವುದು ಸ್ಥಿರ ಜಾಲದಿಂದ ಮಾತ್ರ ದಿನನಿತ್ಯದ ಕೆಲಸವಾಗಬಲ್ಲದು. ನೀರಿನ ಕೊರತೆಯಿದ್ದ ವಲಯಗಳಲ್ಲಿ ಅದರ ಖರ್ಚನ್ನು ಸಮರ್ಥಿಸಲು ಇಷ್ಟು ಸಾಕಾಯಿತು.

ಅಂದಾಜಿನ ಅಂಕಿಗಳನ್ನು ನಂಬಿ ಸಾಲ ಕೇಳಲು ನನಗೆ ಮನಸ್ಸು ಒಪ್ಪಲಿಲ್ಲ. ಬೇರೆಬೇರೆ ವಯಸ್ಸಿನ, ಬೇರೆಬೇರೆ ಗಾತ್ರದ ಹಳೆಯ ಮೀಟರ್‌ಗಳನ್ನು ಚೀಟಿ ಎತ್ತಿದಂತೆ ಆಯ್ದು, ಬಿಚ್ಚಿ ತರಿಸಿ, ಪರೀಕ್ಷಾ ಬೆಂಚಿನ ಮೇಲೆ ಕಡಿಮೆ, ಮಧ್ಯಮ ಮತ್ತು ಹೆಚ್ಚಿನ ಹರಿವಿನಲ್ಲಿ ಪರೀಕ್ಷಿಸಿದೆವು. ನೀರಿನ ಮೀಟರ್‌ಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 4064ರ ಪ್ರಕಾರ ಮೀಟರ್‌ನ ಕಾಯಂ ಹರಿವನ್ನು (ಸಾಮಾನ್ಯ ಬಳಕೆಯಲ್ಲಿ ಅದು ಸರಿಯಾಗಿ ಅಳೆಯಬೇಕಾದ ಅತಿ ಹೆಚ್ಚಿನ ಹರಿವು) ಕನಿಷ್ಠ ಹರಿವಿನಿಂದ ಭಾಗಿಸಿದರೆ ಆರ್ ಎಂಬ ಅನುಪಾತ ಸಿಗುತ್ತದೆ. ಗಂಟೆಗೆ 2,500 ಲೀಟರ್ ಕಾಯಂ ಹರಿವಿನ, ಆರ್ 80 ಇರುವ ಮೀಟರ್ ಹೊಸದಿದ್ದಾಗಲೂ ಗಂಟೆಗೆ ಸುಮಾರು 31 ಲೀಟರ್‌ಗಿಂತ ಕಡಿಮೆ ಹರಿವನ್ನು ನಿಖರವಾಗಿ ಅಳೆಯುವ ಭರವಸೆ ಕೊಡುವುದಿಲ್ಲ. ಆರ್ 160 ಆದರೆ ಆ ಮಿತಿ ಸುಮಾರು 15.6 ಲೀಟರ್‌ಗೆ ಇಳಿಯುತ್ತದೆ. ಮನೆಯ ಮೇಲಿನ ಟ್ಯಾಂಕಿನ ಫ್ಲೋಟ್ ವಾಲ್ವ್ ಮುಚ್ಚುತ್ತ ಬರುವಾಗ ನೀರು ಸಣ್ಣಗೆ ಹರಿಯುತ್ತದೆ, ಸವೆದ ಮೀಟರ್‌ನ ಕಣ್ಣಿಗೆ ಆ ಹರಿವು ಬೀಳುವುದೇ ಇಲ್ಲ. ಮಧ್ಯಮ ಮತ್ತು ಹೆಚ್ಚಿನ ಹರಿವಿನಲ್ಲಿ ನಮ್ಮ ಹಳೆಯ ಮೀಟರ್‌ಗಳಲ್ಲಿ ಬಹುಪಾಲು ಇನ್ನೂ ಚೆನ್ನಾಗಿಯೇ ಇದ್ದವು. ಹಿಂದೆ ಬಿದ್ದದ್ದು ಕಡಿಮೆ ಹರಿವಿನಲ್ಲಿ, ಅದರಲ್ಲೂ ವರ್ಷ ಎಷ್ಟೇ ಆಗಿರಲಿ ಅತಿ ಹೆಚ್ಚು ನೀರು ಹಾಯ್ದಿದ್ದ ಮೀಟರ್‌ಗಳು.

ಈ ಪರೀಕ್ಷೆಯೇ ಹಣಕಾಸಿನ ದಾರಿಯನ್ನು ತೋರಿಸಿತು. ಕಾರ್ಖಾನೆ, ಆಸ್ಪತ್ರೆ, ದೊಡ್ಡ ವಸತಿ ಸಮುಚ್ಚಯಗಳ ದೊಡ್ಡ ಮೀಟರ್‌ಗಳು ಸಂಖ್ಯೆಯಲ್ಲಿ ಅಲ್ಪವಾದರೂ ಆದಾಯದಲ್ಲಿ ಅವುಗಳ ಪಾಲು ದೊಡ್ಡದು. ಅವುಗಳನ್ನು ಮೊದಲು, ಸಾಲವಿಲ್ಲದೆ, ವಿಭಾಗದ ಮೀಸಲು ನಿಧಿಯಿಂದಲೇ ಬದಲಾಯಿಸಿದೆವು. ಹಲವೆಡೆ ಮೀಟರ್‌ನ ಗಾತ್ರವೇ ಬಳಕೆಗಿಂತ ದೊಡ್ಡದಾಗಿತ್ತು. ಸರಿಯಾದ ಗಾತ್ರದ ಮೀಟರ್ ಹಾಕಿದ್ದರಿಂದಲೇ ಅಳತೆ ಸುಧಾರಿಸಿತು. ಒಂದು ವರ್ಷದ ಬಿಲ್ಲುಗಳನ್ನು ಹಿಂದಿನ ವರ್ಷದ ಬಿಲ್ಲುಗಳ ಪಕ್ಕದಲ್ಲಿಟ್ಟು, ದರ ಏರಿಕೆಯ ಪರಿಣಾಮವನ್ನು ಕಳೆದು, ಹೆಚ್ಚಾದ ಆದಾಯವನ್ನು ಪ್ರತ್ಯೇಕ ಖಾತೆಯಲ್ಲಿ ತೋರಿಸಿದೆ. ಮನೆಗಳ ಮೀಟರ್‌ಗಳಿಗಾಗಿ ಸಾಲ ಕೇಳಲು ಹೋದಾಗ ಸಾಲದಾತರು ಬೇರೆಲ್ಲ ಕಾಗದಗಳಿಗಿಂತ ಹೆಚ್ಚು ಹೊತ್ತು ಓದಿದ್ದು ಆ ಒಂದು ಖಾತೆಯನ್ನು.

ಅಷ್ಟರಲ್ಲಿ ಒಂದು ಗುತ್ತಿಗೆದಾರ ಸಂಸ್ಥೆ, ನೀವು ಏನನ್ನೂ ಹೂಡಬೇಕಿಲ್ಲ, ಉಳಿತಾಯಕ್ಕೆ ನಾವೇ ಖಾತರಿ ಕೊಡುತ್ತೇವೆ, ಉಳಿತಾಯದಿಂದಲೇ ಕಂತು ಕಟ್ಟಿರಿ ಎಂದು ಮುಂದೆ ಬಂತು. ಈ ಬಗೆಯ ಒಪ್ಪಂದ ತನ್ನಷ್ಟಕ್ಕೆ ಕೆಟ್ಟದ್ದಲ್ಲ, ಬಂಡವಾಳವಿಲ್ಲದ ನಗರಕ್ಕೆ ಅದೊಂದು ನಿಜವಾದ ದಾರಿ. ಆದರೆ ಕರಾರನ್ನು ಓದುತ್ತ ಹೋದಾಗ, ಖಾತರಿ ಕೊಟ್ಟಿದ್ದ ಉಳಿತಾಯದ ದೊಡ್ಡ ಭಾಗವನ್ನು ಯಾರೂ ಅಳೆಯಬೇಕಾಗಿರಲಿಲ್ಲ. ಎರಡೂ ಕಡೆಯವರು ಒಪ್ಪಿದ್ದಾರೆ ಎಂಬ ಕಾರಣಕ್ಕೆ ಅದು ಪ್ರತಿ ವರ್ಷ ಬಂದಿದೆ ಎಂದು ಭಾವಿಸತಕ್ಕದ್ದು ಎಂದಿತ್ತು. ಹಣ ಬಾರದಿದ್ದರೂ ಬಂದಿದೆ ಎಂದು ನಾವೇ ಸಹಿ ಹಾಕಿದಂತಾಗುತ್ತಿತ್ತು. ನಮ್ಮ ಬೆಂಚಿನ ಪರೀಕ್ಷೆಯ ಫಲಿತಾಂಶವನ್ನೇ ಆರಂಭದ ಮಟ್ಟವೆಂದು ಇಟ್ಟು, ಪ್ರತಿ ವರ್ಷ ಮೂರನೆಯವರು ಅಳೆದು ಪ್ರಮಾಣೀಕರಿಸಬೇಕು ಎಂದು ಕೇಳಿದೆವು. ಅವರು ಒಪ್ಪಲಿಲ್ಲ, ಮಾತುಕತೆ ಅಲ್ಲಿಗೆ ನಿಂತಿತು. ನೀರಿನ ಆದಾಯವನ್ನೇ ಆಧಾರವಾಗಿಟ್ಟು ಸಾಲ ಪಡೆಯುವುದೆಂದು ನಿರ್ಧರಿಸಿದೆವು.

ಸಾಲದ ಅವಧಿಯ ಪ್ರಶ್ನೆಯಲ್ಲಿ ನಾನು ಅತಿ ಹೆಚ್ಚು ವಾದಿಸಬೇಕಾಯಿತು. ಶೇಕಡಾ 5ರ ಬಡ್ಡಿಯಲ್ಲಿ, ವರ್ಷಕ್ಕೊಮ್ಮೆ ಸಮಾನ ಕಂತು ಕಟ್ಟುವುದಾದರೆ, ಪ್ರತಿ 100ರ ಸಾಲಕ್ಕೆ 10 ವರ್ಷದ ಅವಧಿಯಲ್ಲಿ ವಾರ್ಷಿಕ ಕಂತು ಸುಮಾರು 12.95, 15 ವರ್ಷಕ್ಕೆ 9.63, 20 ವರ್ಷಕ್ಕೆ 8.02. ಕಂತು ಚಿಕ್ಕದಾಗುತ್ತದೆ ಎಂಬ ಕಾರಣಕ್ಕೆ 20 ವರ್ಷ ಎಲ್ಲರಿಗೂ ಇಷ್ಟವಾಗಿತ್ತು. ಆದರೆ ಹೀಗೆ ಒಟ್ಟು ಕಟ್ಟುವ ಮೊತ್ತ 10 ವರ್ಷದಲ್ಲಿ ಸುಮಾರು 130, 20 ವರ್ಷದಲ್ಲಿ ಸುಮಾರು 160. ಬಡ್ಡಿಗಿಂತ ದೊಡ್ಡ ಅಪಾಯ ಬ್ಯಾಟರಿಯದು. ಈ ಮೀಟರ್‌ಗಳಲ್ಲಿರುವ ಲಿಥಿಯಂ ಬ್ಯಾಟರಿಗಳು 20 ವರ್ಷ ಬಾಳುತ್ತವೆ ಎಂದು ಮಾರಾಟಗಾರರು ಹೇಳಿದರೂ, ವಾರಂಟಿ ಪತ್ರದಲ್ಲಿ ಮೊದಲ 10 ವರ್ಷಕ್ಕೆ ಮಾತ್ರ ಪೂರ್ತಿ ಹೊಣೆಯಿತ್ತು. ಮುಂದಿನ 10 ವರ್ಷದಲ್ಲಿ ಪ್ರತಿ ವರ್ಷ ನಮ್ಮ ಪಾಲು ಏರುತ್ತ ಹೋಗುತ್ತಿತ್ತು, ಬದಲಾಯಿಸುವ ಕೂಲಿಯಂತೂ ಪೂರ್ತಿ ನಮ್ಮದೇ. ಬ್ಯಾಟರಿ ಸತ್ತ ಮೇಲೆ ಉಳಿಯುವ ಸಾಲವನ್ನು ಮುಂದಿನ ಪೀಳಿಗೆಯ ಗ್ರಾಹಕರ ಮೇಲೆ ಹೊರಿಸುವುದು ನ್ಯಾಯವಲ್ಲ ಎಂದು ನಾನು ಸಭೆಯಲ್ಲಿ ಹೇಳಿದೆ. ಕೊನೆಗೆ 15 ವರ್ಷಕ್ಕೆ ಒಮ್ಮತವಾಯಿತು. ಕಂತು ಕಟ್ಟುವ ಮುನ್ನ ಕೈಯಲ್ಲಿ ಉಳಿಯುವ ನಿವ್ವಳ ಆದಾಯ ಪ್ರತಿ ವರ್ಷ ಕಂತಿನ ಕನಿಷ್ಠ 1.25 ಪಟ್ಟು ಇರಬೇಕು ಎಂಬ ಸಾಲದಾತರ ಷರತ್ತಿಗೂ ಆ ಅವಧಿ ಹೊಂದಿತು.

ಬ್ಯಾಟರಿಯ ವಿಷಯದಲ್ಲಿ ಎಂಜಿನಿಯರುಗಳಿಂದ ಕಲಿತ ಒಂದು ಸಂಗತಿ ನನ್ನ ಲೆಕ್ಕವನ್ನೇ ತಿದ್ದಿತು. ನಾವು ಆರಿಸಿದ್ದ ಲೋರಾವ್ಯಾನ್ ಎಂಬ, ಕಡಿಮೆ ವಿದ್ಯುತ್ತಿನಲ್ಲಿ ಸಣ್ಣ ಸಂದೇಶಗಳನ್ನು ದೂರಕ್ಕೆ ಕಳುಹಿಸುವ ರೇಡಿಯೊ ಜಾಲದಲ್ಲಿ ಗೇಟ್‌ವೇಗೆ ಹತ್ತಿರವಿರುವ ಮೀಟರ್ ತನ್ನ ಪುಟ್ಟ ಸಂದೇಶವನ್ನು ಕ್ಷಣಾರ್ಧದಲ್ಲಿ ಕಳುಹಿಸಿ ಮಲಗುತ್ತದೆ. ದೂರದಲ್ಲಿರುವ, ಇಲ್ಲವೇ ನೆಲದಡಿಯ ಗುಂಡಿಯಲ್ಲಿರುವ ಮೀಟರ್ ಅದೇ ಸಂದೇಶಕ್ಕೆ ಇಪ್ಪತ್ತು ಪಟ್ಟಿಗೂ ಹೆಚ್ಚು ಹೊತ್ತು ರೇಡಿಯೊವನ್ನು ಚಾಲನೆಯಲ್ಲಿಡಬೇಕಾಗಬಹುದು. ಅಂದರೆ ಗೇಟ್‌ವೇಗಳ ಸಂಖ್ಯೆಯಲ್ಲಿ ಜಿಪುಣತನ ಮಾಡಿ ಇಂದು ಉಳಿಸಿದ ಹಣವನ್ನು ಹತ್ತು ವರ್ಷದ ನಂತರ ಸಾವಿರಾರು ಬ್ಯಾಟರಿಗಳ ರೂಪದಲ್ಲಿ ತೆರಬೇಕಾಗುತ್ತದೆ. ಮೊದಲು ನಾನೇ ಹೊಡೆದುಹಾಕಿದ್ದ ಹೆಚ್ಚುವರಿ ಗೇಟ್‌ವೇಗಳನ್ನು ಮತ್ತೆ ಅಂದಾಜು ಪಟ್ಟಿಗೆ ಸೇರಿಸಿದೆ.

ಸಾಫ್ಟ್‌ವೇರ್ ಚಂದಾವನ್ನು ಸಾಲದೊಳಗೆ ಸೇರಿಸಬೇಕೆಂಬ ಸಲಹೆಯನ್ನು ತಿರಸ್ಕರಿಸಿದೆವು. ಈ ವರ್ಷ ಬಳಸಿ ಮುಗಿಸುವ ಸೇವೆಗೆ 15 ವರ್ಷ ಬಡ್ಡಿ ಕಟ್ಟುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಗ್ರಾಹಕರ ಕಡೆಯ ಲೆಕ್ಕ ಇದಕ್ಕಿಂತ ಸೂಕ್ಷ್ಮವಾದದ್ದು. ನಿಮಿಷಕ್ಕೆ ಒಂದು ಲೀಟರ್‌ನಂತೆ ಸೋರುವ ಪೈಪು ದಿನಕ್ಕೆ 1,440 ಲೀಟರ್ ನೀರನ್ನು ಹರಿಯಬಿಡುತ್ತದೆ. ಎರಡು ತಿಂಗಳಿಗೊಮ್ಮೆ ಮೀಟರ್ ಓದುತ್ತಿದ್ದಾಗ ಅದು ತಿಳಿಯುವಷ್ಟರಲ್ಲಿ 86,400 ಲೀಟರ್ ಹರಿದುಹೋಗಿರುತ್ತಿತ್ತು. ರಾತ್ರಿಯಿಡೀ ಹರಿವು ನಿಲ್ಲದಿದ್ದರೆ ಈಗ ಮರುದಿನವೇ ಆ ಮನೆಗೆ ಸೂಚನೆ ಹೋಗುತ್ತದೆ. ಗ್ರಾಹಕರಿಗೆ ಇದು ದೊಡ್ಡ ಉಪಕಾರ, ಆದರೆ ಅವರ ಸೋರಿಕೆ ನಿಂತಾಗ ನಮ್ಮ ಮಾರಾಟವೂ ಇಳಿಯುತ್ತದೆ. ಆದ್ದರಿಂದ ಇದನ್ನು ಸಾಲ ತೀರಿಸುವ ಆದಾಯದ ಪಟ್ಟಿಯಿಂದ ತೆಗೆದು, ಸಾರ್ವಜನಿಕ ಪ್ರಯೋಜನವೆಂದು ಬೇರೆಯೇ ಪುಟದಲ್ಲಿ ಬರೆದೆ. ಸೋರಿಕೆಯ ಕಾರಣಕ್ಕೆ ಬಿಲ್ಲು ಮನ್ನಾ ಮಾಡುತ್ತಿದ್ದ ಮೊತ್ತ ಕಡಿಮೆಯಾದದ್ದಷ್ಟೇ ನಮಗೆ ನೇರವಾಗಿ ಸಿಕ್ಕ ಲಾಭ. ಇನ್ನೊಂದೆಡೆ, ವರ್ಷಗಟ್ಟಲೆ ಕಡಿಮೆ ತೋರಿಸುತ್ತಿದ್ದ ಮೀಟರ್ ಬದಲಾದ ಮನೆಗಳಲ್ಲಿ ಬಿಲ್ಲು ಏರಿತು, ದೂರುಗಳೂ ಬಂದವು. ಮೊದಲ ಎರಡು ಬಿಲ್ಲುಗಳಲ್ಲಿ ಹಳೆಯ ಸರಾಸರಿ ಮತ್ತು ಹೊಸ ಅಳತೆ ಎರಡನ್ನೂ ಮುದ್ರಿಸಿ, ಎರಡರಲ್ಲಿ ಕಡಿಮೆಯಿದ್ದ ಮೊತ್ತವನ್ನೇ ವಸೂಲು ಮಾಡಿದೆವು. ಅದರ ನಷ್ಟವನ್ನು ಯೋಜನಾ ವೆಚ್ಚದಲ್ಲಿ ಮೊದಲೇ ಸೇರಿಸಿದ್ದರಿಂದ ಕಂತಿಗೆ ಅಡ್ಡಿಯಾಗಲಿಲ್ಲ. ಆ ಮನೆಗಳವರು ಆ ಅವಧಿಯಲ್ಲಿ ತಮ್ಮ ನಲ್ಲಿ, ಫ್ಲೋಟ್ ವಾಲ್ವ್‌ಗಳನ್ನು ಸರಿಪಡಿಸಿಕೊಂಡರು, ದೂರುಗಳೂ ಇಳಿದವು.

ಸಾಲದ ಕರಾರಿನಲ್ಲಿ ನಾನು ಆಗ್ರಹಪೂರ್ವಕವಾಗಿ ಬರೆಸಿದ ಒಂದು ಕಲಮು ಮರುಸ್ಥಾಪನಾ ನಿಧಿಯದು. ಪ್ರತಿ ಬಿಲ್ಲಿನ ಒಂದು ಸಣ್ಣ ಅಂಶ ನೇರವಾಗಿ ಆ ಖಾತೆಗೆ ಹೋಗುತ್ತದೆ, ಮೀಟರ್ ಮತ್ತು ಬ್ಯಾಟರಿ ಬದಲಾವಣೆಗಲ್ಲದೆ ಬೇರೆ ಯಾವುದಕ್ಕೂ ಅದನ್ನು ಬಳಸುವಂತಿಲ್ಲ. ಮೂರನೆಯ ವರ್ಷವೇ ಆ ಹಣವನ್ನು ಬೇರೊಂದು ತುರ್ತು ಕಾಮಗಾರಿಗೆ ತಿರುಗಿಸುವ ಪ್ರಸ್ತಾವ ಬಂದಾಗ, ಕಲಮನ್ನು ಸಭೆಯ ಮುಂದೆ ಓದಿ ಹೇಳಿದೆ, ಪ್ರಸ್ತಾವ ಹಿಂದೆ ಸರಿಯಿತು. ಈಗ ಪ್ರತಿ ವರ್ಷ ಹೊಸ ಮೀಟರ್‌ಗಳಲ್ಲೂ ಒಂದಿಷ್ಟನ್ನು ಆಯ್ದು ಬಿಚ್ಚಿ ಅದೇ ಬೆಂಚಿನ ಮೇಲೆ ಪರೀಕ್ಷಿಸುತ್ತಾರೆ, ಬ್ಯಾಟರಿಯ ವೋಲ್ಟೇಜನ್ನೂ ಬರೆದಿಡುತ್ತಾರೆ. ನಿಧಿಗೆ ಹೋಗುವ ಅಂಶ ಮುಂದಿನ ವರ್ಷ ಎಷ್ಟಿರಬೇಕೆಂಬುದನ್ನು ಆ ಪುಸ್ತಕದ ಅಂಕಿಗಳನ್ನು ನೋಡಿಯೇ ನಿರ್ಧರಿಸಲಾಗುತ್ತದೆ.