ಸಂಕಷ್ಟದಲ್ಲಿ ಬದುಕಿದ ಪೂರ್ವಜರನ್ನು ದಾಖಲೆಗಳಲ್ಲಿ ಹುಡುಕುವ ಬಗೆ

ಮನೆಮಂದಿ ಹೆಸರೆತ್ತಲು ಹಿಂಜರಿಯುವ ಪೂರ್ವಜರು ಬಹುತೇಕ ಎಲ್ಲ ವಂಶಗಳಲ್ಲಿಯೂ ಇರುತ್ತಾರೆ. ಸೆರೆಮನೆ ಕಂಡವರು, ಹೆಂಡತಿ ಮಕ್ಕಳನ್ನು ಬಿಟ್ಟು ಹೋದವರು, ಸಾಲದಲ್ಲಿ ಮುಳುಗಿದವರು, ಹುಚ್ಚಾಸ್ಪತ್ರೆಯಲ್ಲಿ ಕೊನೆಯುಸಿರೆಳೆದವರು ಈ ಸಾಲಿಗೆ ಸೇರುತ್ತಾರೆ. ಇವರ ಬಗ್ಗೆ ಮನೆಯೊಳಗೆ ಮಾತು ಕಡಿಮೆಯಾದರೂ ಸರಕಾರಿ ಕಾಗದಪತ್ರಗಳು ಕಡಿಮೆಯಿರುವುದಿಲ್ಲ. ನೆಮ್ಮದಿಯಾಗಿ ದುಡಿದು ಬಾಳಿ ಸತ್ತವನ ಬಗ್ಗೆ ನಾಲ್ಕಾರು ಸಾಲು ಸಿಕ್ಕುವಲ್ಲಿ, ಪೊಲೀಸರ, ವೈದ್ಯರ ಅಥವಾ ಬಡವರ ಪರಿಹಾರ ಹಂಚುವ ಅಧಿಕಾರಿಗಳ ಕೈಗೆ ಸಿಕ್ಕವನ ಬಗ್ಗೆ ಪುಟಗಟ್ಟಲೆ ಬರವಣಿಗೆ ಉಳಿದಿರಬಹುದು. ಆದರೆ ಆ ಪುಟಗಳನ್ನು ಬರೆದವನು ಅವನಲ್ಲ. ಅವನನ್ನು ಹಿಡಿದಿಟ್ಟವರು, ಪರೀಕ್ಷಿಸಿದವರು, ಅವನ ಖರ್ಚನ್ನು ಹೊರಬೇಕಾಗಿ ಬಂದವರು ಬರೆದರು. ಹೀಗಾಗಿ ದಾಖಲೆಯನ್ನು ಪತ್ತೆಹಚ್ಚುವುದು ಅರ್ಧ ಕೆಲಸವಷ್ಟೇ. ಅದನ್ನು ಯಾರು, ಯಾವ ಅಗತ್ಯಕ್ಕಾಗಿ ಬರೆದರೆಂದು ವಿಚಾರಿಸಿ ಓದುವುದು ಉಳಿದರ್ಧ. ಇಲ್ಲಿ ಬರುವ ಉದಾಹರಣೆಗಳು ಹೆಚ್ಚಾಗಿ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನವು, ಏಕೆಂದರೆ ಅಲ್ಲಿ ಇಂಥ ದಾಖಲೆಗಳು ವಿಪುಲವಾಗಿ ಉಳಿದಿವೆ ಮತ್ತು ಹಲವಕ್ಕೆ ಸೂಚಿಗಳೂ ಸಿದ್ಧವಾಗಿವೆ.

ಮೊದಲು ಮಾಡಬೇಕಾದುದು ವರ್ಷವಾರು ಪಟ್ಟಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜನನ, ವಿವಾಹ, ಮರಣಗಳ ಸರಕಾರಿ ನೋಂದಣಿ 1837ರ ಜುಲೈ 1ರಂದು ಆರಂಭವಾಯಿತು. 1841ರಿಂದ ಹತ್ತು ವರ್ಷಕ್ಕೊಮ್ಮೆ ನಡೆದ ಜನಗಣತಿಗಳಲ್ಲಿ ಮನೆಯವರೆಲ್ಲರ ಹೆಸರುಗಳು ಸಿಗುತ್ತವೆ. ಖಚಿತವಾಗಿ ಗೊತ್ತಿರುವ ಪ್ರತಿಯೊಂದು ದಿನಾಂಕವನ್ನೂ ಸ್ಥಳವನ್ನೂ ಬರೆದಿಟ್ಟು, ಏನೂ ತಿಳಿಯದ ವರ್ಷಗಳನ್ನು ಖಾಲಿ ಬಿಡಿ. ಮುಂದಿನ ಹುಡುಕಾಟಕ್ಕೆ ದಾರಿ ತೋರುವುದು ಆ ಖಾಲಿ ಜಾಗಗಳೇ. ಹೆಂಡತಿ 'ವಿವಾಹಿತೆ' ಎಂದು ಬರೆಸಿಕೊಂಡು ತಾನೇ ಮನೆಯ ಯಜಮಾನಿಯಾಗಿ ಕಾಣಿಸಿಕೊಂಡಿದ್ದರೆ, ಗಂಡ ಆ ರಾತ್ರಿ ಬೇರೆಲ್ಲಿದ್ದನೆಂದು ಕೇಳಬೇಕು. ಅವಳು 'ವಿಧವೆ' ಎಂದು ಹೇಳಿಕೊಂಡಿದ್ದಾಳೆಂಬ ಒಂದೇ ಕಾರಣಕ್ಕೆ ಗಂಡ ಸತ್ತಿದ್ದನೆಂದು ತೀರ್ಮಾನಿಸಬಾರದು, ಏಕೆಂದರೆ ಬಿಟ್ಟುಹೋದ ಗಂಡನಿಗಿಂತ ಸತ್ತ ಗಂಡನೇ ನೆರೆಹೊರೆಯವರ ಮುಂದೆ ಗೌರವದ ವಿವರಣೆಯಾಗಿದ್ದ.

ಜನಗಣತಿಯ ಲೋಪಗಳನ್ನೂ ತಿಳಿದಿರಬೇಕು. 1841ರಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಗುಣಕಕ್ಕೆ ಇಳಿಸಿ ಬರೆಯಲಾಗುತ್ತಿತ್ತು. ಆಸ್ಪತ್ರೆ, ಸೆರೆಮನೆಗಳ ಪಟ್ಟಿಗಳಲ್ಲಿ ಕೆಲವೊಮ್ಮೆ ಪೂರ್ಣ ಹೆಸರಿನ ಬದಲು ಮೊದಲಕ್ಷರಗಳಷ್ಟೇ ಇರುತ್ತವೆ; ಹೆಸರಿನಿಂದ ಹುಡುಕಿದಾಗ ಸಿಗದ ವ್ಯಕ್ತಿ ಅಲ್ಲಿ ವಯಸ್ಸು, ಕಸುಬು ಮತ್ತು ಹುಟ್ಟೂರಿನಿಂದ ಸಿಕ್ಕಬಹುದು. 1871ರ ಗಣತಿಯಲ್ಲಿ ಬುದ್ಧಿಮಾಂದ್ಯರನ್ನೂ ಮನೋರೋಗಿಗಳನ್ನೂ ಗುರುತಿಸುವ ಕಾಲಂ ಸೇರಿತು, ಆದರೆ ಮನೆಯವರು ಅದನ್ನು ಪ್ರಾಮಾಣಿಕವಾಗಿ ತುಂಬಿಸಿದರೆಂದು ನಂಬುವಂತಿಲ್ಲ. ಅಮೆರಿಕದ 1880ರ ಗಣತಿಯಲ್ಲಿ ಇಂಥವರಿಗೆಂದೇ ಪ್ರತ್ಯೇಕ ಅನುಸೂಚಿಯಿದ್ದು, ಕಾಯಿಲೆಯ ಬಗೆ, ಅದು ಮೊದಲು ಕಾಣಿಸಿಕೊಂಡ ವಯಸ್ಸು, ರೋಗಿಯನ್ನು ಕಟ್ಟಿಹಾಕಲಾಗುತ್ತಿತ್ತೇ ಎಂಬ ಪ್ರಶ್ನೆಗಳೂ ಅದರಲ್ಲಿವೆ.

ಮರಣ ಪ್ರಮಾಣಪತ್ರವನ್ನು ಆದಷ್ಟು ಬೇಗ ತರಿಸಿಕೊಳ್ಳುವುದು ಒಳ್ಳೆಯದು. ಸತ್ತ ಸ್ಥಳ ವರ್ಕ್‌ಹೌಸ್ ಎಂಬ ಬಡವರ ಆಶ್ರಯಗೃಹವೋ ಕೌಂಟಿಯ (ಜಿಲ್ಲೆಯ) ಹುಚ್ಚಾಸ್ಪತ್ರೆಯೋ ಆಗಿದ್ದರೆ ಅಲ್ಲಿಂದ ಹಿಂದಕ್ಕೆ ನಡೆಯಬಹುದು. ಸಾವಿನ ಮಾಹಿತಿ ಕೊಟ್ಟವರ ಹೆಸರನ್ನು ತಪ್ಪದೆ ಗಮನಿಸಿ: ಅಲ್ಲಿ ಮಗಳ ಹೆಸರಿರುವುದಕ್ಕೂ ಆಸ್ಪತ್ರೆಯ ಸಿಬ್ಬಂದಿಯ ಹೆಸರಿರುವುದಕ್ಕೂ ವ್ಯತ್ಯಾಸವಿದೆ, ಆದರೆ ಸಿಬ್ಬಂದಿಯ ಹೆಸರು ಕಂಡ ಮಾತ್ರಕ್ಕೆ ಮನೆಯವರು ಕೈಬಿಟ್ಟಿದ್ದರೆಂದು ಹೇಳಲಾಗದು, ಏಕೆಂದರೆ ಸಂಸ್ಥೆಯಲ್ಲಿ ನಡೆದ ಸಾವನ್ನು ಸಂಸ್ಥೆಯವರೇ ನೋಂದಾಯಿಸುವುದು ಸಾಮಾನ್ಯವಾಗಿತ್ತು.

ಹುಚ್ಚಾಸ್ಪತ್ರೆಯ ದಾಖಲೆಗಳು ಎಲ್ಲಕ್ಕಿಂತ ಸಮೃದ್ಧವಾದವು, ಎಲ್ಲಕ್ಕಿಂತ ಎಚ್ಚರಿಕೆಯಿಂದ ಓದಬೇಕಾದವು ಕೂಡ. ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ 'ಎಂಎಚ್ 94' ಎಂಬ ಸರಣಿಯಲ್ಲಿ 1846ರಿಂದ ರೋಗಿಗಳ ದಾಖಲಾತಿ ಪುಸ್ತಕಗಳಿವೆ. ಯಾರು, ಯಾವಾಗ, ಯಾವ ಆಸ್ಪತ್ರೆ ಸೇರಿದರು, ಬಿಡುಗಡೆಯಾದರೋ ಅಲ್ಲಿಯೇ ಸತ್ತರೋ ಎಂಬುದು ಅಲ್ಲಿ ತಿಳಿಯುತ್ತದೆ. ಚಿಕಿತ್ಸೆಯ ವಿವರವಿರುವ ರೋಗಿಪುಸ್ತಕಗಳು ಮಾತ್ರ ಆಯಾ ಕೌಂಟಿಯ ಪತ್ರಾಗಾರಗಳಲ್ಲಿರುತ್ತವೆ. ಅವನ್ನು ಸಾಮಾನ್ಯವಾಗಿ ನೂರು ವರ್ಷಗಳವರೆಗೆ ಸಾರ್ವಜನಿಕರಿಗೆ ತೆರೆಯುವುದಿಲ್ಲ. ರೋಗಿಯನ್ನು ಸೇರಿಸಿಕೊಳ್ಳಲು ಬೇಕಿದ್ದ ವೈದ್ಯರ ಪ್ರಮಾಣಪತ್ರದಲ್ಲಿ ಎರಡು ಭಾಗಗಳಿದ್ದವು. ವೈದ್ಯನು ತಾನೇ ಕಂಡದ್ದು ಒಂದು ಭಾಗದಲ್ಲಿ, ಬೇರೆಯವರು ಅವನಿಗೆ ಹೇಳಿದ್ದು ಇನ್ನೊಂದು ಭಾಗದಲ್ಲಿ. ಈ ಎರಡನ್ನೂ ಬೆರೆಸದೆ ಓದುವ ಶಿಸ್ತನ್ನು ಬೆಳೆಸಿಕೊಂಡರೆ ಅರ್ಧದಷ್ಟು ತಪ್ಪು ತೀರ್ಮಾನಗಳು ತಪ್ಪುತ್ತವೆ. 'ಕಿಟಕಿಯತ್ತ ತಿರುಗಿ ಯಾರೊಂದಿಗೋ ಮಾತಾಡುತ್ತಿದ್ದಾಳೆ' ಎಂಬುದನ್ನು ವೈದ್ಯ ಕಂಡಿರಬಹುದು. 'ಮಕ್ಕಳನ್ನು ಕೊಲ್ಲುವುದಾಗಿ ಬೆದರಿಸುತ್ತಾಳೆ' ಎಂಬುದು ಗಂಡನ ಮಾತಾಗಿರಬಹುದು, ಮತ್ತು ಆ ಗಂಡನಿಗೆ ಅವಳನ್ನು ಮನೆಯಿಂದ ಕಳಿಸಲು ಬೇರೆ ಕಾರಣವೂ ಇದ್ದಿರಬಹುದು. ಇದ್ದೇ ಇತ್ತೆಂದು ಕಲ್ಪಿಸಿಕೊಳ್ಳುವುದೂ ಅಷ್ಟೇ ತಪ್ಪು.

ರೋಗದ ಹೆಸರುಗಳನ್ನು ಇಂದಿನ ಭಾಷೆಗೆ ಬದಲಾಯಿಸುವ ಆಸೆಯನ್ನು ತಡೆದುಕೊಳ್ಳಬೇಕು. 'ಮೆಲಂಕೋಲಿಯಾ' ಎಂದು ಬರೆದದ್ದೆಲ್ಲ ಇಂದಿನ ಖಿನ್ನತೆಯಲ್ಲ, 'ಮೇನಿಯಾ' ಎಂಬ ಪದದಡಿಯಲ್ಲಿ ಹತ್ತಾರು ಬಗೆಯ ಸ್ಥಿತಿಗಳು ಸೇರಿಹೋಗಿವೆ. 'ಜನರಲ್ ಪ್ಯಾರಾಲಿಸಿಸ್' ಎಂಬ ಕಾಯಿಲೆ ಸಿಫಿಲಿಸ್‌ನಿಂದ ಬರುತ್ತದೆಂಬ ನಿರ್ಣಾಯಕ ಸಾಕ್ಷ್ಯ ಒದಗಿದ್ದು 1913ರಲ್ಲಿ, ರೋಗಿಗಳ ಮೆದುಳಿನಲ್ಲಿ ಅದರ ರೋಗಾಣುವನ್ನು ವಿಜ್ಞಾನಿಗಳಾದ ನೊಗುಚಿ ಮತ್ತು ಮೂರ್ ತೋರಿಸಿದಾಗ; ಅದಕ್ಕೂ ಮುನ್ನ ಕುಡಿತ, ಚಿಂತೆ, ಅತಿ ದುಡಿಮೆಗಳನ್ನು ಕಾರಣವೆಂದು ಬರೆಯುತ್ತಿದ್ದರು. ಆದ್ದರಿಂದ ವೈದ್ಯನ ಪದವನ್ನು ಉದ್ಧರಣ ಚಿಹ್ನೆಯೊಳಗೆ ಇದ್ದಂತೆಯೇ ಬರೆದು, ಅದರ ಕೆಳಗೆ ಕಂಡ ಲಕ್ಷಣಗಳನ್ನು ಸೇರಿಸುವುದೇ ಸರಿ.

ಅಪರಾಧದ ಜಾಡಿನಲ್ಲಿ ಹೋಗುವವರಿಗೆ ಲಂಡನ್ನಿನ ಓಲ್ಡ್ ಬೈಲಿ ನ್ಯಾಯಾಲಯದ 1674ರಿಂದ 1913ರವರೆಗಿನ ವಿಚಾರಣಾ ವರದಿಗಳು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. 1788ರಿಂದ 1868ರವರೆಗೆ ಆಸ್ಟ್ರೇಲಿಯಾಕ್ಕೆ ಗಡೀಪಾರಾದವರ ದಾಖಲೆಗಳಂತೂ ಬೆರಗು ಹುಟ್ಟಿಸುತ್ತವೆ: ಎತ್ತರ, ಕಣ್ಣಿನ ಬಣ್ಣ, ಹಚ್ಚೆ, ಗಾಯದ ಗುರುತು, ಅಲ್ಲಿಗೆ ಹೋದ ಮೇಲೆ ಮಾಡಿದ ಸಣ್ಣಪುಟ್ಟ ತಪ್ಪು, ಅದಕ್ಕೆ ಸಿಕ್ಕ ಶಿಕ್ಷೆ ಎಲ್ಲವೂ ಅಲ್ಲಿವೆ. 1871ರ ಕಾಯಿದೆಯ ನಂತರ ಶಿಕ್ಷೆಗೊಳಗಾದ ಕೈದಿಗಳ ಛಾಯಾಚಿತ್ರ ತೆಗೆಯುವುದು ಕಡ್ಡಾಯವಾದ್ದರಿಂದ, ಬಡ ಕುಟುಂಬವೊಂದರ ಅತಿ ಹಳೆಯ ಭಾವಚಿತ್ರ ಸೆರೆಮನೆಯ ಪುಸ್ತಕದಲ್ಲಿ ಸಿಕ್ಕರೆ ಆಶ್ಚರ್ಯಪಡಬೇಕಿಲ್ಲ.

ಸಾಲಗಾರನಿಗಾಗಿ 1665ರಿಂದ ಪ್ರಕಟವಾಗುತ್ತಿರುವ ಸರಕಾರಿ ಪತ್ರಿಕೆ ಲಂಡನ್ ಗೆಜೆಟ್ಟಿನ ದಿವಾಳಿ ಪ್ರಕಟಣೆಗಳನ್ನು ನೋಡಿ; 1861ಕ್ಕೆ ಮೊದಲು 'ದಿವಾಳಿ' ಎಂಬ ಸ್ಥಾನ ವ್ಯಾಪಾರಿಗಳಿಗಷ್ಟೇ ಸಿಗುತ್ತಿದ್ದರಿಂದ, ಉಳಿದವರನ್ನು ಸಾಲಗಾರರ ಸೆರೆಮನೆಯ ಪಟ್ಟಿಗಳಲ್ಲಿ ಹುಡುಕಬೇಕು. ಹೆಂಡತಿ ಮಕ್ಕಳನ್ನು ಪರಿಹಾರ ನಿಧಿಯ ಪಾಲು ಮಾಡಿ ಓಡಿಹೋದವನು 1824ರ ಅಲೆಮಾರಿ ಕಾಯಿದೆಯಡಿ ಅಪರಾಧಿಯಾಗುತ್ತಿದ್ದ, ಹಾಗಾಗಿ ಅವನ ಚಹರೆಯ ವಿವರ ಬಡವರ ಪರಿಹಾರ ಹಂಚುವ ಸಂಸ್ಥೆಗಳಿಗಾಗಿದ್ದ ಪತ್ರಿಕೆ ಪೂರ್ ಲಾ ಯೂನಿಯನ್ಸ್ ಗೆಜೆಟ್‌ನಲ್ಲಿ ಅಚ್ಚಾಗಿರಬಹುದು.

ಆತ್ಮಹತ್ಯೆಯ ಶಂಕೆಯಿರುವಲ್ಲಿ ಕೊರೊನರ್ (ಅಸಹಜ ಸಾವುಗಳನ್ನು ವಿಚಾರಿಸುವ ಅಧಿಕಾರಿ) ನಡೆಸಿದ ವಿಚಾರಣೆಯ ಕಡತ ಹೆಚ್ಚಾಗಿ ನಾಶವಾಗಿರುತ್ತದೆ. ಸ್ಥಳೀಯ ಪತ್ರಿಕೆಯ ವರದಿಯೇ ಉಳಿದಿರುವ ಏಕೈಕ ಸಾಕ್ಷ್ಯವಾಗಿರಬಹುದು. ಅಲ್ಲಿ 'ತಾತ್ಕಾಲಿಕ ಬುದ್ಧಿಭ್ರಮೆಯಲ್ಲಿ' ಎಂಬ ತೀರ್ಪು ಕಂಡರೆ ಅದನ್ನು ವೈದ್ಯಕೀಯ ಅಭಿಪ್ರಾಯವೆಂದು ಓದಬೇಡಿ. ಆತ್ಮಹತ್ಯೆ ಇಂಗ್ಲೆಂಡಿನಲ್ಲಿ 1961ರವರೆಗೂ ಅಪರಾಧವಾಗಿತ್ತು. 1870ರವರೆಗೆ ಆಸ್ತಿ ಮುಟ್ಟುಗೋಲಾಗುವ ಭಯವಿತ್ತು, ಶವಸಂಸ್ಕಾರಕ್ಕೂ ನಿರ್ಬಂಧಗಳಿದ್ದವು. ಜ್ಯೂರಿಯವರು ಈ ಮಾತನ್ನು ಬಹಳ ಸಲ ಉಳಿದವರ ಮೇಲಿನ ಕರುಣೆಯಿಂದ ಬರೆಸಿದರು.

ಇಷ್ಟೆಲ್ಲ ಸಿಕ್ಕ ಮೇಲೂ, ಸಿಕ್ಕವನು ನಿಮ್ಮವನೇ ಎಂಬ ಪ್ರಶ್ನೆ ಉಳಿಯುತ್ತದೆ. ಒಂದೇ ಊರಿನಲ್ಲಿ ಒಂದೇ ಹೆಸರಿನ, ಒಂದೇ ವಯಸ್ಸಿನ ಇಬ್ಬರಿರುವುದು ಅಪರೂಪವಲ್ಲ, ಮತ್ತು ಕಷ್ಟದಲ್ಲಿದ್ದವರು ಹೆಸರು ಬದಲಿಸಿಕೊಳ್ಳುವುದೂ ಇತ್ತು. ಹೆಸರಿನ ಜೊತೆಗೆ ಕಸುಬು, ವಿಳಾಸ, ಹತ್ತಿರದ ಸಂಬಂಧಿಯ ಹೆಸರು ಇವುಗಳಲ್ಲಿ ಕನಿಷ್ಠ ಎರಡಾದರೂ ಹೊಂದುವವರೆಗೆ ಆ ದಾಖಲೆಯನ್ನು ವಂಶಾವಳಿಗೆ ಸೇರಿಸದೆ ಪ್ರತ್ಯೇಕವಾಗಿಡಿ. ರೋಚಕವಾದ ಕಥೆಯೇ ಬೇಗ ನಂಬಿಕೆ ಹುಟ್ಟಿಸುತ್ತದೆಂಬುದು ಈ ಕೆಲಸದ ದೊಡ್ಡ ಅಪಾಯ. ಏನೂ ಸಿಗದಿದ್ದಾಗ, ಆ ದಾಖಲೆ ಉಳಿದಿದೆಯೇ ಎಂಬುದನ್ನು ಮೊದಲು ವಿಚಾರಿಸಿ. ಡಬ್ಲಿನ್ನಿನ ಸಾರ್ವಜನಿಕ ಪತ್ರಾಗಾರ 1922ರಲ್ಲಿ, ಅಮೆರಿಕದ 1890ರ ಗಣತಿಯ ಬಹುಭಾಗ 1921ರ ಬೆಂಕಿಯ ನಂತರ, ಮೊದಲ ಮಹಾಯುದ್ಧದ ಬ್ರಿಟಿಷ್ ಸೈನಿಕರ ಕಡತಗಳಲ್ಲಿ ಅರ್ಧಕ್ಕಿಂತ ಹೆಚ್ಚು 1940ರ ಬಾಂಬ್ ದಾಳಿಯಲ್ಲಿ ಇಲ್ಲವಾದವು.

ಬರೆದಿಡುವಾಗ ಪ್ರತಿ ಸಾಲಿನ ಪಕ್ಕದಲ್ಲಿ ಅದು ಯಾವ ಕಡತದ ಯಾವ ಪುಟದಿಂದ ಬಂತು, ಆ ಮಾತು ಯಾರದ್ದು ಎಂಬ ಎರಡನ್ನೂ ಗುರುತು ಹಾಕಿ. ಆ ವ್ಯಕ್ತಿಯ ಮಕ್ಕಳೋ ಮೊಮ್ಮಕ್ಕಳೋ ಬದುಕಿದ್ದರೆ, ಬೇರೆಯವರಿಗೆ ಹಂಚುವ ಮೊದಲು ಅವರಿಗೆ ತಿಳಿಸಿ. ಮನೆಯಲ್ಲಿ ಉಳಿದ ಪತ್ರ, ಛಾಯಾಚಿತ್ರಗಳು ಅವರಲ್ಲಿಯೇ ಇರಬಹುದು, ಆಸ್ಪತ್ರೆಯ ಕಡತದಲ್ಲಿ ಕೇಳದ ಅವನ ಸ್ವಂತ ಮಾತು ಆ ಪತ್ರಗಳಲ್ಲಿ ಸಿಕ್ಕರೂ ಸಿಗಬಹುದು.