ಉದ್ಯೋಗ ತರಬೇತಿಗೆ ಅರ್ಹತೆ ಪಡೆದ ಬಗೆ: ನನ್ನ ಅನುಭವ

ಮುಂಬೈಯ ಚೆಂಬೂರಿನ ಉಡುಪಿ ಹೋಟೆಲೊಂದರ ಗಲ್ಲಾದಲ್ಲಿ ಹಲವು ವರ್ಷ ದುಡಿದ ನನಗೆ ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಅಕ್ಷಿಪಟಲದ ಕಾಯಿಲೆಯಿಂದ ಮೊದಲು ಇರುಳಿನ ನೋಟ ಹೋಯಿತು, ಆಮೇಲೆ ಪಕ್ಕದ ನೋಟ ಕುಗ್ಗುತ್ತ ಬಂತು. ಎದುರಿಗೆ ಹಿಡಿದ ಬಿಲ್ಲನ್ನು ಓದಬಲ್ಲೆ. ಪಕ್ಕದಿಂದ ಹಣ ಚಾಚಿದ ಗಿರಾಕಿಯ ಕೈ ಕಾಣುವುದಿಲ್ಲ. ಬೇರೆ ಕೆಲಸ ಕಲಿಯಲು ಸರ್ಕಾರದ ನೆರವಿನ ತರಬೇತಿಗಾಗಿ ಹೊರಟಾಗ ನನಗೆ ಸ್ಪಷ್ಟವಾದದ್ದೇನೆಂದರೆ, ಅರ್ಹತೆಯನ್ನು ಎರಡು ಕಡೆ, ಒಂದಕ್ಕೊಂದು ವಿರುದ್ಧವಾದ ಪ್ರಶ್ನೆಗಳಿಂದ ಅಳೆಯುತ್ತಾರೆ. ಅಂಗವೈಕಲ್ಯ ಪ್ರಮಾಣಪತ್ರ ಕೊಡುವ ಆಸ್ಪತ್ರೆಯವರು ನಿಮ್ಮಿಂದ ಏನಾಗದು ಎಂದು ನೋಡುತ್ತಾರೆ, ತರಬೇತಿಯವರು ಏನಾದೀತು ಎಂದು ಕೇಳುತ್ತಾರೆ. ಎರಡಕ್ಕೂ ಸಿದ್ಧತೆ ಬೇರೆ.

ವಿಕಲಚೇತನರ ಹಕ್ಕುಗಳ ಕಾಯ್ದೆ, 2016 ಒಟ್ಟು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಕೇಂದ್ರದ ಕೌಶಲ ತರಬೇತಿ ಯೋಜನೆಗೆ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚಿನ ನ್ಯೂನತೆ ಇರಬೇಕು, ವಯಸ್ಸು 15ರಿಂದ 59ರೊಳಗಿರಬೇಕು. ಕಾಯಿಲೆಯ ಹೆಸರು ಎಷ್ಟೇ ದೊಡ್ಡದಿದ್ದರೂ ಶೇಕಡಾವಾರು ನಿಲ್ಲುವುದು ಅಳತೆಯ ಮೇಲೆ. ಕಾಯ್ದೆಯ ಪ್ರಕಾರ, ಕನ್ನಡಕ ಹಾಕಿದ ಮೇಲೂ ಉತ್ತಮ ಕಣ್ಣಿನ ದೃಷ್ಟಿ 6/18ರಿಂದ (ಸಾಮಾನ್ಯ ಕಣ್ಣಿಗೆ 18 ಮೀಟರಿನಿಂದ ಕಾಣುವುದು 6 ಮೀಟರಿನಿಂದಷ್ಟೇ ಕಾಣುವುದು) 3/60ರವರೆಗೆ ಇಳಿದಿದ್ದರೆ, ಇಲ್ಲವೇ ದೃಷ್ಟಿಕ್ಷೇತ್ರ, ಅಂದರೆ ನೋಟ ಕದಲಿಸದೆ ಸುತ್ತ ಕಾಣುವ ವ್ಯಾಪ್ತಿ, 40 ಡಿಗ್ರಿಗಿಂತ ಕಡಿಮೆಯಾಗಿ 10 ಡಿಗ್ರಿಯವರೆಗೆ ಕುಗ್ಗಿದ್ದರೆ, ಅದು ಮಂದದೃಷ್ಟಿ. ಗೋಡೆಯ ಅಕ್ಷರಪಟ್ಟಿಯನ್ನು ನಾನು ಬಹುಮಟ್ಟಿಗೆ ಓದಿಬಿಡುತ್ತಿದ್ದುದರಿಂದ ಅದೊಂದನ್ನೇ ನಂಬಿದ್ದರೆ ನನ್ನನ್ನು ಹೊರಗಿಡುತ್ತಿದ್ದರು. ಆದ್ದರಿಂದ ಪೆರಿಮೆಟ್ರಿ, ಅಂದರೆ ದೃಷ್ಟಿಕ್ಷೇತ್ರ ಪರೀಕ್ಷೆಯ ವರದಿಯನ್ನು ಮೊದಲೇ ಮಾಡಿಸಿಕೊಂಡು ಪ್ರಮಾಣಪತ್ರದ ಅರ್ಜಿಯೊಡನೆ ಇಟ್ಟೆ.

ಆ ಪರೀಕ್ಷೆಯಲ್ಲಿ ಒಂದು ಕಣ್ಣು ಮುಚ್ಚಿ, ಬೋಗುಣಿಯಂಥ ಬಿಳಿ ಯಂತ್ರದೊಳಗೆ ಗದ್ದವೂರಿ, ನಡುವಿನ ಚುಕ್ಕೆಯಿಂದ ನೋಟ ಕದಲಿಸದೆ, ಸುತ್ತ ಎಲ್ಲಾದರೂ ಬೆಳಕು ಮಿನುಗಿದಾಗ ಕೈಯಲ್ಲಿನ ಗುಂಡಿಯನ್ನು ಒತ್ತಬೇಕು. ಕಾಣದಿದ್ದರೂ ಅಂದಾಜಿನಲ್ಲಿ ಒತ್ತಬೇಕೆಂಬ ಆಸೆ ಬಹಳ ಬರುತ್ತದೆ. ಒತ್ತಬಾರದು, ಹಾಗೆ ಒತ್ತಿದ್ದನ್ನೂ ಯಂತ್ರ ಎಣಿಸುತ್ತದೆ, ವರದಿಯ ಮೇಲಿನ ವಿಶ್ವಾಸ ಕುಂದುತ್ತದೆ. ದಣಿದ ಕಣ್ಣಿನಲ್ಲಿ ಹೋಗದೆ, ರಾತ್ರಿ ಚೆನ್ನಾಗಿ ನಿದ್ದೆ ಮಾಡಿ ಬೆಳಿಗ್ಗೆ ಹೋಗುವುದು ಒಳ್ಳೆಯದು.

ನನ್ನ ಆಧಾರ್‌ನಲ್ಲಿ ಊರಿನ ವಿಳಾಸವೇ ಇತ್ತು. "ಊರಿಗೇ ಹೋಗಿ ಪ್ರಮಾಣಪತ್ರ ಮಾಡಿಸಿಕೊಂಡು ಬಾ ಮಾರಾಯ" ಎಂದು ಹೋಟೆಲಿನ ಮಾಲೀಕರಾದ ನಮ್ಮ ಶೆಟ್ರು ಕಳಕಳಿಯಿಂದಲೇ ಹೇಳಿದ್ದರು. ಆದರೆ ಕಾಯ್ದೆಯಡಿಯ 2017ರ ನಿಯಮಗಳ ಪ್ರಕಾರ ವಾಸದ ಜಿಲ್ಲೆಯಲ್ಲಲ್ಲದೆ, ಚಿಕಿತ್ಸೆ ಪಡೆಯುತ್ತಿರುವ ಸರ್ಕಾರಿ ಆಸ್ಪತ್ರೆಯಲ್ಲೂ ಪ್ರಮಾಣಪತ್ರ ಕೇಳಬಹುದು. ಆಸ್ಪತ್ರೆಯ ಹಳೆಯ ಕೇಸ್ ಪೇಪರುಗಳನ್ನು ಜೋಪಾನವಾಗಿ ಇಟ್ಟದ್ದರಿಂದ ಮುಂಬೈಯಲ್ಲೇ ಕೆಲಸವಾಯಿತು. ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ, ತಜ್ಞರ ತಪಾಸಣೆ, ಬಳಿಕ ಯುಡಿಐಡಿ, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಕಾರ್ಡ್. ನನ್ನ ಕಾರ್ಡಿನ ಪಟ್ಟಿ ಹಳದಿ, ಅಂದರೆ ನ್ಯೂನತೆ ಶೇಕಡಾ 40ರಿಂದ 80ರೊಳಗೆ. ಶೇಕಡಾವಾರು ಕಡಿಮೆ ಬಂತೆಂದು ಕೈಚೆಲ್ಲಿ ಕೂತವರನ್ನು ಬಲ್ಲೆ, ಅವರ ಬಗ್ಗೆ ನನಗೆ ಸಂಕಟವಾಗುತ್ತದೆ. ನಿರಾಕರಣೆಗೆ ಕಾರಣವನ್ನು ಬರೆದು ಕೊಡಬೇಕೆಂದು ನಿಯಮವಿದೆ, ಕಾಯ್ದೆಯ 59ನೇ ಸೆಕ್ಷನ್ ಮೇಲ್ಮನವಿಗೆ ಅವಕಾಶ ಕೊಟ್ಟಿದೆ.

ಕಾರ್ಡ್ ಸಿಕ್ಕಿದ ಮೇಲೆ ಸಾಯನ್‌ನಲ್ಲಿರುವ, ವಿಕಲಚೇತನರ ರಾಷ್ಟ್ರೀಯ ಉದ್ಯೋಗ ಸೇವಾ ಕೇಂದ್ರಕ್ಕೆ ಹೋದೆ. ಹಳಬರು ಇಂದಿಗೂ ಅದನ್ನು ವಿಆರ್‌ಸಿ (ವೃತ್ತಿ ಪುನರ್ವಸತಿ ಕೇಂದ್ರ) ಎನ್ನುತ್ತಾರೆ. ಅಲ್ಲಿ ಉಳಿದಿರುವ ಸಾಮರ್ಥ್ಯವನ್ನು ಅಳೆದು, ಯಾವ ಕೆಲಸ ಒಗ್ಗೀತು ಎಂದು ಹೇಳುತ್ತಾರೆ. ಆಸ್ಪತ್ರೆಯಲ್ಲಿ ಹೇಳಿದ್ದನ್ನೇ ಅಲ್ಲೂ ಹೇಳುತ್ತ ಕೂತರೆ ಪ್ರಯೋಜನವಿಲ್ಲ. ಶೆಟ್ರಿಂದ ಒಂದು ಪತ್ರ ಬರೆಸಿಕೊಂಡಿದ್ದೆ. ನಂಬಿಕಸ್ಥ, ಪ್ರಾಮಾಣಿಕ ಎಂಬ ಮಾತುಗಳು ಒಂದು ಸಾಲಿಗೆ ಸಾಕೆಂದು ಕೇಳಿಕೊಂಡು, ಮಧ್ಯಾಹ್ನದ ಊಟದ ಗದ್ದಲದಲ್ಲಿ ಬಾಯಿಲೆಕ್ಕ ಮಾಡುತ್ತಿದ್ದುದು, ಕಂಪ್ಯೂಟರಿನಲ್ಲಿ ಬಿಲ್ ಹಾಕುತ್ತಿದ್ದುದು, ರಾತ್ರಿ ಗಲ್ಲಾ ತಾಳೆ ನೋಡುತ್ತಿದ್ದುದು, ಕನ್ನಡ, ತುಳು, ಮರಾಠಿ, ಹಿಂದಿಗಳಲ್ಲಿ ಗಿರಾಕಿಗಳೊಡನೆ ಮಾತಾಡುತ್ತಿದ್ದುದು, ಇವನ್ನೆಲ್ಲ ವಿವರವಾಗಿ ಬರೆಸಿದ್ದೆ. ಅಧಿಕಾರಿಯ ಪ್ರಶ್ನೆಗಳೆಲ್ಲ ಆ ಪತ್ರವನ್ನೇ ಹಿಡಿದು ಬಂದವು.

ನಾನು ಆರಿಸಿಕೊಂಡದ್ದು ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶದ ನೆರವಿನ ಕಂಪ್ಯೂಟರ್ ಮತ್ತು ಲೆಕ್ಕಪತ್ರದ ತರಬೇತಿ. ಎನ್‌ವಿಡಿಎ ಎಂಬ ಇಂಥ ತಂತ್ರಾಂಶ ಉಚಿತ, ಅದು ಕನ್ನಡವನ್ನೂ ಓದಿ ಹೇಳುತ್ತದೆ. ನನ್ನಂಥ ಕಾಯಿಲೆಯವರು ಕಣ್ಣು ಇನ್ನಷ್ಟು ಮಂಜಾಗುವವರೆಗೆ ಕಾಯದೆ, ಪರದೆ ಕಾಣುತ್ತಿರುವಾಗಲೇ ಪರದೆಯನ್ನು ಆಫ್ ಮಾಡಿ ಕಿವಿಯಿಂದ ಕೆಲಸ ಮಾಡುವುದನ್ನು ರೂಢಿಸಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ತರಬೇತಿ ಕೇಂದ್ರದಲ್ಲಿ ಅರ್ಜಿ ತುಂಬುವಾಗಲೇ ಈ ಕಾರಣವನ್ನು ಬರೆದೆ, ಹಾಗಾಗಿ ತರಗತಿಯಲ್ಲಿ ಕೀಲಿಮಣೆಯಿಂದಲೇ ಕಲಿಸಿದರು, ನನಗೆ ಮೌಸ್ ಕೊಡಲೇ ಇಲ್ಲ.